ಚೈನೊ, ಬೆಲ್ಟೊ?

ತಮ್ಮ ಮಗನು ಹೆಚ್ಚು ಬಲದ ಮೋಟಾರ್ ಸೈಕಲ್ಲೊಂದನ್ನು ಕೊಳ್ಳಬೇಕೆಂದಿರುವನೆಂದೂ, ಅಂಥ ಗಾಡಿಗಳಲ್ಲಿ ಕೆಲವಕ್ಕೆ ಹಿಂಚಕ್ರವನ್ನು ತಿರುಗಿಸಲು ಉಕ್ಕಿನ ಚೈನೂ ಕೆಲವಕ್ಕೆ ರಬ್ಬರಿನ ಬೆಲ್ಟೂ ಇರುವುವೆಂದೂ, ಅಷ್ಟು ಬಲವನ್ನು ರಬ್ಬರು ತಡೆದೀತೆ ಎಂದೂ ವಾಚಕ ಮಹಾಶಯರೊಬ್ಬರು ಬರೆದು ಕೇಳಿದ್ದಾರೆ. ಈ ಎರಡಕ್ಕೂ ಸಂಸ್ಕೃತದ ಹೆಸರನ್ನಿಡೋಣವೆಂದರೆ ಒಂದು ತೊಡಕುಂಟು. ಅಮರಕೋಶದಲ್ಲಿ ಶೃಂಖಲವೆಂದರೆ ಆನೆಯ ಕಾಲಿನ ಸರಪಳಿಯೂ ಹೌದು, ಗಂಡಸರ ನಡುಪಟ್ಟಿಯೂ ಹೌದು! ಆದುದರಿಂದ ಜನರ ಮಾತಿನಂತೆ ಚೈನು, ಬೆಲ್ಟು ಎಂದೇ ಬರೆಯುತ್ತೇನೆ.

ಸಂಶಯಕ್ಕೆ ಹಳೆಯ ಬೆಲ್ಟಿನ ನೆನಪೇ ಕಾರಣವಿರಬೇಕು. ಕಾಲಿನಿಂದ ತುಳಿಯುವ ಹೊಲಿಗೆಯಂತ್ರದ ತೊಗಲಿನ ಬೆಲ್ಟು ಸಡಿಲವಾದರೆ ಗಾಲಿಯ ಮೇಲೆ ಹೇಗೆ ಜಾರುವುದೆಂಬುದನ್ನು ನಮ್ಮ ಮನೆಗಳ ಹೆಂಗಸರು ಬಲ್ಲರು. ಮೊದಮೊದಲಿನ ಮೋಟಾರ್ ಸೈಕಲ್ಲುಗಳ ಗತಿಯೂ ಅದೇ. ೧೯೦೩ರಲ್ಲಿ ಹುಟ್ಟಿದ ಅಮೆರಿಕೆಯ ಹಾರ್ಲೆ-ಡೇವಿಡ್‌ಸನ್ ಗಾಡಿಗೆ ತೊಗಲಿನ ಬೆಲ್ಟೇ ಇದ್ದಿತು. ಅಂಥ ಬೆಲ್ಟು ಮಳೆಗೆ ನೆನೆದರೆ ಜಾರುವುದು, ಏರಿನಲ್ಲಿ ಜಾರುವುದು. ೧೯೧೧ರಲ್ಲಿ ಮ್ಯಾನ್ ದ್ವೀಪದ ಪಂದ್ಯವು ಮೊದಲ ಬಾರಿಗೆ ಬೆಟ್ಟದ ದಾರಿಯಲ್ಲಿ ನಡೆದಾಗ, ಚೈನನ್ನೂ ಎರಡು ಗೇರುಗಳನ್ನೂ ಹೊಂದಿದ್ದ ‘ಇಂಡಿಯನ್’ ಎಂಬ ಅಮೆರಿಕೆಯ ಗಾಡಿಗಳು ಹಿರಿಯ ವರ್ಗದ ಮೊದಲ ಮೂರು ಸ್ಥಾನಗಳನ್ನೂ ಗೆದ್ದುವು. ಮುಂದೆ ಬೆಲ್ಟು ಮೆಲ್ಲಮೆಲ್ಲನೆ ಮೂಲೆಗೆ ಸೇರಿತು.

ಈಗಿನ ಬೆಲ್ಟು ಬೇರೆ ಜಾತಿಯದು. ಅದರ ಒಳಮೈಗೆ ಹಲ್ಲುಗಳುಂಟು. ಹಲ್ಲುಳ್ಳ ಗಾಲಿಯನ್ನು ಕಚ್ಚಿಕೊಂಡು ಓಡುವುದರಿಂದ ಹಳೆಯ ಬೆಲ್ಟಿನಂತೆ ಜಾರುವುದಿಲ್ಲ. ಎಳೆತವನ್ನು ಹೊರುವುದು ರಬ್ಬರಲ್ಲ, ಅದರೊಳಗೆ ಹುದುಗಿರುವ ಕೆವ್ಲಾರ್ ಮೊದಲಾದ ನಾರಿನ ಹುರಿಗಳು. ಈ ಕೆವ್ಲಾರನ್ನು ೧೯೬೫ರಲ್ಲಿ ಡುಪಾಂಟ್ ಸಂಸ್ಥೆಯ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳೆ ಕಂಡುಹಿಡಿದರು. ೧೯೮೦ರಲ್ಲಿ ಹಾರ್ಲೆ ಸಂಸ್ಥೆಯೇ ‘ಸ್ಟರ್ಜಿಸ್’ ಎಂಬ ಗಾಡಿಯಲ್ಲಿ ಹಲ್ಲಿನ ಬೆಲ್ಟನ್ನು ತಂದಿತು. ಅದರ ಭಾರವಾದ ಪ್ರವಾಸದ ಗಾಡಿಗಳು ಇಂದು ಬೆಲ್ಟಿನಿಂದಲೇ ಓಡುತ್ತಿವೆ. ಬಲದ ಸಂಶಯವನ್ನು ಇಲ್ಲಿಗೇ ಬಿಡಬಹುದು.

ನೋಡತಕ್ಕದ್ದು ದಾರಿಯನ್ನು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು ೭೯೮ ಸಿ.ಸಿ.ಯ ಎಂಜಿನ್ನನ್ನು ೨೦೦೬ರಲ್ಲಿ ಡಾಂಬರು ರಸ್ತೆಗೆಂದು ಮಾಡಿದ ಎಫ್ ೮೦೦ ಎಸ್ ಗಾಡಿಯಲ್ಲಿಟ್ಟು ಬೆಲ್ಟನ್ನು ಜೋಡಿಸಿತು. ೨೦೦೮ರಲ್ಲಿ ಅದೇ ಅಳತೆಯ ಎಂಜಿನ್ನನ್ನು ಕಲ್ಲುಮಣ್ಣಿನ ದಾರಿಯ ಎಫ್ ೮೦೦ ಜಿ.ಎಸ್.ನಲ್ಲಿಟ್ಟಾಗ ಚೈನನ್ನು ಜೋಡಿಸಿತು. ಬೆಲ್ಟಿಗೂ ಗಾಲಿಗೂ ನಡುವೆ ಕಲ್ಲಿನ ಚೂರೊಂದು ಸಿಕ್ಕಿಕೊಂಡರೆ ಬೆಲ್ಟನ್ನು ತೂತುಮಾಡಬಲ್ಲುದು. ಮತ್ತೂ ಒಂದು ಮಾತು. ಚೈನು ಹರಿದರೆ ಕೊಂಡಿ ಹಾಕಿ ಕೂಡಿಸಬಹುದು. ಬೆಲ್ಟಾದರೋ ಕೂಡಿಲ್ಲದ ಒಂದೇ ಬಳೆ. ಹೊಸದನ್ನು ತೊಡಿಸಲು ಅನೇಕ ಗಾಡಿಗಳಲ್ಲಿ ಹಿಂಭಾಗವನ್ನೇ ಕಳಚಬೇಕು. ಪಂದ್ಯದವರು ಚೈನನ್ನು ಬಿಡದಿರುವುದಕ್ಕೆ ಕಾರಣ ಬೇರೆ: ದಾರಿಗೆ ತಕ್ಕಂತೆ ಹಲ್ಲುಚಕ್ರವನ್ನು ಬದಲಿಸುವುದು ಅದರಲ್ಲಿ ಸುಲಭ.

ಇಷ್ಟಾದರೂ ಚೈನು ಸೇವೆಯನ್ನು ಬೇಡುವ ವಸ್ತು. ಎಣ್ಣೆ ಕಾಣಬೇಕು, ಧೂಳು ಒರೆಸಬೇಕು, ಬಿಗಿ ನೋಡಬೇಕು. ಚೈನು ಹಿಗ್ಗಿತೆನ್ನುತ್ತಾರಷ್ಟೆ, ವಾಸ್ತವವಾಗಿ ಉಕ್ಕು ಹಿಗ್ಗುವುದಿಲ್ಲ, ಕೀಲುಗಳು ಸವೆದು ಒಟ್ಟು ಉದ್ದವು ಬೆಳೆಯುತ್ತದೆ. ಹೀಗೆ ಸವೆಯುವಾಗ ಸದ್ದು ಮಾಡಿ ಒಡೆಯನನ್ನು ಎಚ್ಚರಿಸುವುದೂ ಉಂಟು. ಬೆಲ್ಟಿಗೆ ಎಣ್ಣೆ ಬೇಡ, ಸದ್ದು ಕಡಮೆ, ಪಂಚೆಗೆ ಕರಿ ಹತ್ತುವುದಿಲ್ಲ. ಆದರೆ ಅದರ ಅಂಚು ಎದ್ದಿರುವುದನ್ನೂ ಹಲ್ಲು ಬಿರಿದಿರುವುದನ್ನೂ ನಾವೇ ಬಗ್ಗಿ ನೋಡಿ ತಿಳಿಯಬೇಕು.

ಪತ್ರ ಬರೆದ ಮಹನೀಯರು ಕೇಳದ ಒಂದು ಮಾತನ್ನು ನಾನು ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗಲೇ ಬಟ್ಟೆ ಹಿಡಿದು ಚೈನು ಒರೆಸುವ ತರುಣರುಂಟು. ಬಟ್ಟೆಯೊಡನೆ ಬೆರಳೂ ಹಲ್ಲುಚಕ್ರಕ್ಕೆ ಹೋಗುವುದು ಕ್ಷಣದ ಕೆಲಸ. ಎಂಜಿನ್ನನ್ನು ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸತಕ್ಕದ್ದು. ಹಿಂದೆ ಕೂಡುವವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅದರ ಅರ್ಧಭಾಗವಾದರೂ ಮರೆಯಾಗಿರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಅಂದಕ್ಕೆ ಕುಂದೆಂದು ಆ ಮರೆಯನ್ನು ಕಳಚಿ ಎಸೆಯುವ ಹುಡುಗರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಸೆರಗಿಗೆ ಚೈನೂ ಒಂದೇ, ಬೆಲ್ಟೂ ಒಂದೇ.

ಮಗನ ಓಡಾಟವು ಊರಿನಲ್ಲಿಯೂ ಹೆದ್ದಾರಿಯಲ್ಲಿಯೂ ಆಗಿದ್ದು, ಎಣ್ಣೆಯ ಡಬ್ಬಿಯೆಂದರೆ ಅವನಿಗೆ ಬೇಸರವಾದರೆ ಬೆಲ್ಟಿನ ಗಾಡಿಯನ್ನು ಕೊಳ್ಳಲಿ. ಮಲೆನಾಡಿನ ತೋಟಗಳ ಜಲ್ಲಿದಾರಿಯೇ ಹೆಚ್ಚಾದರೆ ಚೈನೇ ಲೇಸು. ಬೆಲ್ಟಿನದನ್ನೇ ಒಪ್ಪಿದ ಪಕ್ಷದಲ್ಲಿ, ಬದಲಿ ಬೆಲ್ಟು ಎಷ್ಟು ದಿನಕ್ಕೆ ದೊರೆಯುವುದು, ಹಾಕಲು ಕೂಲಿಯೆಷ್ಟು ಎಂಬುದನ್ನು ಹಣ ಕೊಡುವ ಮುಂಚೆಯೇ ಅಂಗಡಿಯವರಿಂದ ಬರೆಸಿಕೊಳ್ಳಲಿ.