ಕಡಲಿಗಿಳಿಯುವವನ ಚಾಕು

ಕಾಸರಗೋಡಿನ ಕರಾವಳಿಯಲ್ಲಿ ಬಾಳುವ ನಮಗೆ ಉಪ್ಪುಗಾಳಿಯ ಪ್ರತಾಪವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಬಾಗಿಲಿನ ಚಿಲಕ, ಅಡಿಗೆಮನೆಯ ಮೆಟ್ಟುಕತ್ತಿ, ಯಾವುದನ್ನೂ ಅದು ಬಿಡದು. ಬರಿಯ ಗಾಳಿಯೇ ಹೀಗಿರುವಾಗ, ಕಡಲ ನೀರಿನೊಳಕ್ಕೇ ಒಯ್ಯುವ ಉಕ್ಕಿನ ಗತಿ ಏನು? ಈಚೆಗೆ ನಮ್ಮ ಮನೆಗಳ ತರುಣರು ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪಕ್ಕೋ ಲಕ್ಷದ್ವೀಪಕ್ಕೋ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ‘ಸ್ಕೂಬಾ’ ವಿದ್ಯೆಯನ್ನು ಕಲಿಯತೊಡಗಿದ್ದಾರೆ. “ಮಾಷ್ಟ್ರೇ, ಉಪ್ಪುನೀರಿನಲ್ಲಿ ತುಕ್ಕು ಹಿಡಿಯದ ಚಾಕು ಯಾವುದು?” ಎಂಬ ಅವರ ಪ್ರಶ್ನೆ ವಿಚಾರಕ್ಕೆ ಯೋಗ್ಯವಾದುದು.

ಚಾಕು ಏಕೆ ಬೇಕೆಂಬುದನ್ನು ಮೊದಲು ತಿಳಿದರೆ, ಎಂತಹದು ಬೇಕೆಂಬುದು ತಾನಾಗಿ ತಿಳಿಯುವುದು. ಚಲಚ್ಚಿತ್ರಗಳಲ್ಲಿ ತೋರಿಸುವಂತೆ ಅದು ಶಾರ್ಕ್ ಮೀನಿನೊಡನೆ ಹೋರಾಡುವ ಆಯುಧವಲ್ಲ. ನೀರಿನಡಿಯಲ್ಲಿ ಹೆದರಬೇಕಾದುದು ಮನುಷ್ಯನೇ ಬಿಟ್ಟುಹೋದ ಬಲೆಗೆ, ಗಾಳದ ದಾರಕ್ಕೆ. ಹಿಂದಿನ ಹತ್ತಿಯ ನೂಲಿನ ಬಲೆ ಕೊಳೆತುಹೋಗುತ್ತಿತ್ತು. ಇಂದಿನ ನೈಲಾನು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ತೆಳುವಾದ ಗಾಳದ ದಾರವಂತೂ ನೀರಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. 20 ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ 3 ಪಟ್ಟು; ಆದಕಾರಣ ಒಂದೊಂದು ಉಸಿರಿಗೂ 3 ಪಟ್ಟು ಗಾಳಿ ವೆಚ್ಚವಾಗುತ್ತದೆ. ಸಿಕ್ಕಿಕೊಂಡವನು ಒದ್ದಾಡಿದಷ್ಟೂ ಬಲೆ ಬಿಗಿಯುತ್ತದೆ, ಗಾಳಿ ತೀರುತ್ತದೆ. ಆ ಗಳಿಗೆಯಲ್ಲಿ ನೆರವಾಗಬೇಕಾದ ಅಲಗು ತುಕ್ಕು ಹಿಡಿದು ಒರೆಯೊಳಗೇ ಕಚ್ಚಿಕೊಂಡಿದ್ದರೆ ಆಗುವ ಅನರ್ಥವನ್ನು ಊಹಿಸಬಹುದು.

ಅಂಗಡಿಯವನು ‘ಸ್ಟೇನ್‌ಲೆಸ್ ಸ್ಟೀಲು’ ಎಂದೊಡನೆ ನಿಶ್ಚಿಂತರಾಗುವಂತಿಲ್ಲ. ಅಂತಹ ಉಕ್ಕಿನಲ್ಲಿ ಕನಿಷ್ಠಪಕ್ಷ ಶೇಕಡಾ 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿ ಲೋಹದ ಮೇಲೆ ಕಣ್ಣಿಗೆ ಕಾಣದ ಪೊರೆಯಾಗುತ್ತದೆ. ಗೀರು ಬಿದ್ದರೆ ಪೊರೆ ಮತ್ತೆ ತಾನೇ ಬೆಳೆಯುತ್ತದೆ. ಆದರೆ ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದರಲ್ಲಿರುವ ಕ್ಲೋರೈಡು ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ, ಸೂಜಿಮೊನೆಯಷ್ಟು ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಹಿಡಿಯ ಸಂದಿನಲ್ಲಿ, ಒರೆಯ ಇಕ್ಕಟ್ಟಿನಲ್ಲಿ ಆಮ್ಲಜನಕ ಸಾಲದೆ ಪೊರೆ ಬೆಳೆಯಲಾರದು. ಕೇಡು ಮೊದಲು ತೊಡಗುವುದು ಅಲ್ಲಿಯೇ.

ಇನ್ನೊಂದು ತೊಡಕೂ ಉಂಟು. ಕಮ್ಮಾರನು ಕಾಸಿ, ತಣಿಸಿ, ಹದಗೊಳಿಸುವ ಅಲಗಿಗೆ ಇಂಗಾಲ ಬೇಕು; ಆದರೆ ಹೆಚ್ಚಾದ ಇಂಗಾಲವು ಕ್ರೋಮಿಯಮ್ಮಿನ ಒಂದು ಪಾಲನ್ನು ತನ್ನೊಡನೆ ಕಟ್ಟಿಹಾಕುತ್ತದೆ. ಹೀಗಾಗಿ ಹರಿತ ಹೆಚ್ಚು ದಿನ ನಿಲ್ಲುವ ಉಕ್ಕಿಗೆ ತುಕ್ಕಿನ ಭಯವೂ ಹೆಚ್ಚು. ಶೇಕಡಾ 1ರಷ್ಟು ಇಂಗಾಲವುಳ್ಳ 440-ಸಿ ಎಂಬ ಉಕ್ಕು ಇದಕ್ಕೆ ನಿದರ್ಶನ. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿದ 316 ಎಂಬ ಉಕ್ಕು ಕಡಲನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ದೋಣಿಯ ಸಾಮಾನುಗಳಿಗೆ ಹೇಳಿಮಾಡಿಸಿದಂತಿದೆ. ಆದರೆ ಕಾಸಿ ತಣಿಸಿದರೂ ಅದು ಗಡುಸಾಗದು, ಹರಿತ ಬೇಗ ಮೊಂಡಾಗುತ್ತದೆ. ಇವೆರಡರ ನಡುವಿನದು 420. ಮುಳುಗುವವರ ಸಾಧಾರಣ ಚಾಕುಗಳು ಅನೇಕವು ಈ ಜಾತಿಯವು. ಇಂಗಾಲವನ್ನು ಬಹುಮಟ್ಟಿಗೆ ಬಿಟ್ಟು ಸಾರಜನಕವನ್ನು ಸೇರಿಸಿದ ಎಚ್-1 ಎಂಬ ಜಪಾನಿನ ಉಕ್ಕು ಉಪ್ಪುನೀರಿಗೆ ಜಗ್ಗುವುದು ಬಲು ಅಪರೂಪ. ಟೈಟೇನಿಯಂ ಕಡಲನೀರಿನಲ್ಲಿ ತುಕ್ಕು ಹಿಡಿಯುವುದೇ ಇಲ್ಲ, ಉಕ್ಕಿಗಿಂತ ಹಗುರವೂ ಹೌದು. ಆದರೆ ಹರಿತ ಅಷ್ಟು ಕಾಲ ಬಾಳದು, ಬೆಲೆಯೂ ಹೆಚ್ಚು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ವರ್ಷಕ್ಕೊಮ್ಮೆ ಇಳಿಯುವವನಿಗೆ, ಆರೈಕೆ ಮಾಡುವ ಮನಸ್ಸಿದ್ದರೆ, 420 ಸಾಕು. ಪದೇ ಪದೇ ಇಳಿಯುವವನು ಎಚ್-1 ಅಥವಾ ಟೈಟೇನಿಯಂ ಕೊಳ್ಳುವುದು ಲೇಸು. ಆಕಾರದಲ್ಲಿ ದೊಡ್ಡ ಕತ್ತಿಯ ಗೊಡವೆ ಬೇಡ. ಅಂಗೈಯುದ್ದದ ಅಲಗು, ಹಗ್ಗಕ್ಕೆಂದು ಒಂದು ಮಗ್ಗುಲಲ್ಲಿ ಗರಗಸದಂತಹ ಹಲ್ಲು, ತನ್ನನ್ನೂ ಜೊತೆಗಾರನನ್ನೂ ಚುಚ್ಚದಂತೆ ಮೊಂಡಾದ ತುದಿ, ಇಷ್ಟಿದ್ದರೆ ಸಾಕು. ಹಿಡಿಯನ್ನು ಬಿಚ್ಚಿ ತೊಳೆಯುವಂತಿದ್ದರೆ ಇನ್ನೂ ಉತ್ತಮ. ಕಾಲಿಗೆ ಕಟ್ಟಿದ ಚಾಕು ತಾನೇ ಬಲೆಗೆ ಸಿಕ್ಕಿಕೊಳ್ಳುವುದುಂಟು. ಎದೆಯ ಭಾಗದಲ್ಲಿ, ಎರಡು ಕೈಗಳಲ್ಲಿ ಯಾವುದಕ್ಕಾದರೂ ಎಟಕುವಂತೆ ಅದನ್ನು ಇರಿಸಬೇಕು.

ಇನ್ನು ಆರೈಕೆ. ಮೇಲೆ ಬಂದೊಡನೆ ಚಾಕುವನ್ನೂ ಒರೆಯನ್ನೂ ಬೇರೆ ಬೇರೆಯಾಗಿ ಸಿಹಿನೀರಿನಲ್ಲಿ ತೊಳೆದು, ಒರಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಸಿಲಿಕೋನ್ ಗ್ರೀಸು ಸವರಿ, ಒರೆಯ ಹೊರಗೆ ಇಡತಕ್ಕದ್ದು. ಒದ್ದೆಯಾಗಿಯೇ ಒರೆಗೆ ಸೇರಿಸಿಟ್ಟರೆ ಬೆಲೆಬಾಳುವ ಉಕ್ಕೂ ಕೆಡುತ್ತದೆ. ತುಕ್ಕಿನಿಂದ ಅರ್ಧ ರಕ್ಷಣೆ ಲೋಹದ್ದು, ಉಳಿದರ್ಧ ನಮ್ಮ ಕೈಯದು.

ಹೆತ್ತವರಿಗೂ ಒಂದು ಮಾತು. ಮೊದಲ ಸಲ ಶಿಕ್ಷಕನ ಕೈಹಿಡಿದು ಇಳಿಯುವ ಹುಡುಗನಿಗೆ ಚಾಕು ಬೇಕಿಲ್ಲ. ಬೇಕಾದುದು ಒಳ್ಳೆಯ ಶಿಕ್ಷಕ. ಕೆಲವು ಸಂರಕ್ಷಿತ ಕಡಲುಗಳಲ್ಲಿ ಚಾಕು ಒಯ್ಯಲು ಅನುಮತಿಯೂ ಇರದು, ವಿಚಾರಿಸಿಕೊಂಡೇ ಹೊರಡಬೇಕು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿ ಇಡಬಾರದು. ವಿದ್ಯೆ ಕಲಿತು ತಾನಾಗಿ ಇಳಿಯುವ ದಿನ ಬಂದಾಗಲೂ ಮೊದಲ ಆಸರೆ ಪಕ್ಕದಲ್ಲಿರುವ ಜೊತೆಗಾರ. ಚಾಕುವಿನದು ಅನಂತರದ ಸ್ಥಾನ. ಸಿಕ್ಕಿಕೊಂಡಾಗ ಒದ್ದಾಡದೆ ನಿಂತು, ನಿಧಾನವಾಗಿ ಉಸಿರಾಡಿ, ಜೊತೆಗಾರನಿಗೆ ಸನ್ನೆ ಮಾಡಿ, ಆಮೇಲೆ ಕತ್ತರಿಸಬೇಕು. ಈ ಕ್ರಮವನ್ನು ದಡದ ಮೇಲೆಯೇ ಹತ್ತು ಸಲ ಅಭ್ಯಾಸ ಮಾಡಿಸಿ ಮಕ್ಕಳನ್ನು ಕಡಲಿಗೆ ಕಳುಹಿಸೋಣ.