ಆಸ್ಪತ್ರೆ ಎಷ್ಟು ಹೊತ್ತಿನ ದಾರಿ?

'ಜನಸಂಖ್ಯೆಗೆ ತಕ್ಕಷ್ಟು ಆಸ್ಪತ್ರೆಗಳಿವೆ.' ಉತ್ತರ ಕನ್ನಡದ ಬಗ್ಗೆ ಈ ವಾರ ಮತ್ತೆ ಈ ಮಾತು ಕಿವಿಗೆ ಬಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎನ್ನುವುದು ಸರ್ಕಾರದ ಲೆಕ್ಕ. 2011ರ ಜನಗಣತಿಯಲ್ಲಿ ಜೊಯಿಡಾ ತಾಲ್ಲೂಕಿನ ಜನ ಸುಮಾರು 52 ಸಾವಿರ. ಮೂರು ಕೇಂದ್ರವಿದ್ದರೆ ಲೆಕ್ಕ ಚುಕ್ತಾ! ಆ ಜನ ಕಾಳಿ ಕಣಿವೆಯ ಕಾಡಿನಲ್ಲಿ, ನಾಲ್ಕಾರು ಮನೆಗಳ ಮಜರೆಗಳಲ್ಲಿ ಚದುರಿದ್ದಾರೆ ಎಂಬುದು ಈ ಭಾಗಾಕಾರಕ್ಕೆ ಗೊತ್ತಾಗುವುದಿಲ್ಲ.

ಲಂಡನ್ನಿನ ವೈದ್ಯ ಜಾನ್ ಸ್ನೋ 1854ರ ಕಾಲರಾ ಸಾವುಗಳನ್ನು ಬೀದಿ ನಕ್ಷೆಯ ಮೇಲೆ ಗುರುತಿಸಿದ್ದು ಎಲ್ಲರಿಗೂ ಗೊತ್ತು. ಆ ನಕ್ಷೆಯನ್ನು ತಿದ್ದಿದಾಗ ಆತ ಇನ್ನೊಂದು ಗೆರೆ ಸೇರಿಸಿದ. ಯಾವ ಮನೆಗೆ ಯಾವ ನೀರಿನ ಪಂಪು ಹತ್ತಿರ ಎಂಬುದನ್ನು ನೇರ ಗೆರೆಯಲ್ಲಿ ಅಳೆಯದೆ, ಜನ ನಡೆಯುವ ಬೀದಿಯ ದೂರದಲ್ಲಿ ಅಳೆದ. ಅಷ್ಟು ಹಿಂದೆಯೇ ಒಬ್ಬ ವೈದ್ಯನಿಗೆ ಹೊಳೆದದ್ದು ನಮ್ಮ ಇಲಾಖೆಗಳಿಗೆ ಇಂದಿಗೂ ಹೊಳೆದಿಲ್ಲ.

ಸಾರಿಗೆ ಸಂಸ್ಥೆಯ ವೇಳಾಪಟ್ಟಿ ನೋಡದೆ ಬರೆದ ಆರೋಗ್ಯ ವರದಿಯನ್ನು ನಾನು ನಂಬುವುದಿಲ್ಲ. ಇದನ್ನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಘಟ್ಟದ ಮೇಲಿನ ಅಜ್ಜಿಯೊಬ್ಬರನ್ನು ಬಿಪಿ ಮಾತ್ರೆ ಯಾಕೆ ಬಿಟ್ಟಿರೆಂದು ಕೇಳಿದ್ದೆ. 'ಮಾತ್ರೆ ಪುಕ್ಕಟೆ ಕೊಡ್ತಾರೆ ತಮಾ, ಬಸ್ಸೇ ಇಲ್ಲ' ಎಂದರು. ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಜೊತೆಗೆ ಹೋಗುವ ಸೊಸೆಯ ಕೂಲಿಯೂ ಹೋಗುತ್ತದೆ. ಇದನ್ನು ಯಾವ ವರದಿಯ ಯಾವ ಕಾಲಂನಲ್ಲಿ ತುಂಬುತ್ತಾರೆ?

ದೊಡ್ಡ ಕಾಯಿಲೆಗಂತೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. 2024ರ ಜುಲೈನಲ್ಲಿ ಅಂಕೋಲಾದ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಮುಚ್ಚಿತು. ಅಷ್ಟೂ ದಿನ ಕಡತದಲ್ಲಿ ಕುಮಟಾ-ಅಂಕೋಲಾ ಅಂತರ ಮಾತ್ರ ಇದ್ದಷ್ಟೇ ಇತ್ತು.

ಪ್ರತಿ ಮಜರೆಯಿಂದ ಹತ್ತಿರದ ಹೆರಿಗೆ ವಾರ್ಡಿಗೆ, ರಕ್ತನಿಧಿಗೆ ಎಷ್ಟು ನಿಮಿಷ ಬೇಕು, ಮಳೆಗಾಲದಲ್ಲಿ ಎಷ್ಟು ಎಂದು ಲೆಕ್ಕ ಹಾಕುವ ವಿದ್ಯೆ ನಮ್ಮ ವಿಶ್ವವಿದ್ಯಾಲಯಗಳ ಭೂಗೋಳ ವಿಭಾಗಗಳಲ್ಲೇ ಇದೆ. ಕೇಳುವವರಿಲ್ಲ. 'ತಕ್ಕಷ್ಟಿವೆ' ಎಂದು ಸಹಿ ಹಾಕುವವರು ಈ ಆಷಾಢದಲ್ಲಿ ಒಮ್ಮೆ ಇಲಾಖೆಯ ಜೀಪು ಬಿಟ್ಟು, ಜೊಯಿಡಾದಿಂದ ಕಾರವಾರದ ಆಸ್ಪತ್ರೆಗೆ ಬಸ್ಸಿನಲ್ಲೇ ಬರಲಿ. ಆಮೇಲೆ ಸಹಿ ಹಾಕಲಿ.