ಆಸ್ಪತ್ರೆ ಗೇಟಿನಲ್ಲಿ ಕನ್ನಡ ಕೇಳೋದು ರಾಜಕೀಯ ಅಲ್ಲ, ರೋಗ ತಡೆಯೋ ಕೆಲಸ

"ಜೀವ ಹೋಗೋ ಹೊತ್ತಲ್ಲೂ ನಿಮಗೆ ಭಾಷೆಯದ್ದೇ ಚಿಂತೆಯಾ?"

ಆಸ್ಪತ್ರೆಯಲ್ಲಿ ಕನ್ನಡ ಬೇಕು ಅಂದಾಗ ಎದುರಾಗೋ ಮಾತು ಇದು. ಗಡಿನಾಡಿನ ಗೆಳೆಯರೇ, ಇದಕ್ಕೆ ನೇರ ಉತ್ತರ ಕೊಡೋಣ.

ಕೋವಿಡ್ ಕಾಲದಲ್ಲಿ ಆಸ್ಪತ್ರೆ ಬಾಗಿಲಲ್ಲಿ ಹಣೆಗೆ ಥರ್ಮಲ್ ಗನ್ ಹಿಡೀತಿದ್ದರು. ಅದಕ್ಕೆ ಭಾಷೆ ಬೇಡ, ನಿಜ. ಆದರೆ ಅದು ಹಿಡಿಯೋದು ಜ್ವರ ಮಾತ್ರ. ಪ್ಯಾರಾಸಿಟಮಾಲ್ ನುಂಗಿ ಬಂದವರು ಅದರ ಕಣ್ಣು ತಪ್ಪಿಸಿ ಒಳಗೆ ಹೋಗಬಹುದು. ಉಳಿದದ್ದೆಲ್ಲ ಪ್ರಶ್ನೆ: ಕೆಮ್ಮು ಇದೆಯಾ? ಉಸಿರಾಡೋಕೆ ಕಷ್ಟವಾ? ಸೋಂಕು ಬಂದವರ ಜೊತೆ ಇದ್ದಿರಾ? ಈ ಪ್ರಶ್ನೆ ಅರ್ಥ ಆಗದಿದ್ದರೆ ಅದು ತಪಾಸಣೆಯೇ ಅಲ್ಲ.

ತೆಲುಗಿನಲ್ಲಿ 'ಆಯಾಸಂ' ಅಂದರೆ ಏದುಸಿರು, ಉಬ್ಬಸ. ನಮಗೆ ಆಯಾಸ ಅಂದರೆ ದಣಿವು. ಆದೋನಿ ಕಡೆಯ ರೈತನಿಗೆ "ಆಯಾಸಂ ಉಂದಾ?" ಅಂತ ಕೇಳಿದರೆ, ಹೊಲದಿಂದ ಬಂದವ ಹೌದು ಅಂತಾನೆ. ಮಲಯಾಳದಲ್ಲಿ 'ಶ್ವಾಸಂಮುಟ್ಟ್' ಅಂದರೆ ಉಸಿರು ಕಟ್ಟೋದು. ಕನ್ನಡ ಮಾತ್ರ ಬಲ್ಲ ಅಜ್ಜಿ 'ಮುಟ್ಟು' ಅನ್ನೋದನ್ನ ಏನಂತ ತಿಳ್ಕೊಳ್ಳಬೇಕು? ಒಂದು ತಪ್ಪು 'ಹೌದು' ಆರೋಗ್ಯವಂತನನ್ನ ಸೋಂಕಿತರ ಸಾಲಿಗೆ ಕಳಿಸುತ್ತೆ. ಒಂದು ತಪ್ಪು 'ಇಲ್ಲ' ಸೋಂಕನ್ನ ವಾರ್ಡಿನ ಒಳಗೆ ಬಿಡುತ್ತೆ. ಆ ವಾರ್ಡಿನಲ್ಲಿ ಮಲಗಿರೋರು ಎಲ್ಲ ಭಾಷೆಯವರು ಸ್ವಾಮಿ!

"ನಿಮಗೆಲ್ಲ ಮಲಯಾಳ, ತೆಲುಗು, ಮರಾಠಿ ಬರುತ್ತಲ್ಲ?" ನಮಗೆ ಬರುತ್ತೆ. ಕೋವಿಡ್ ಹೆಚ್ಚು ಬಲಿ ತಗೊಂಡದ್ದು ವಯಸ್ಸಾದವರನ್ನ. ಕನ್ನಡ ಬಿಟ್ಟು ಬೇರೆ ಬಾರದವರು ಹೆಚ್ಚಿರೋದೂ ಅವರಲ್ಲೇ. ಜೊತೆಗೆ ಬಂದ ಮಗನನ್ನ ಗೇಟಲ್ಲೇ ನಿಲ್ಲಿಸಿದ ಮೇಲೆ ಅವರ ಪರ ಮಾತಾಡೋರು ಯಾರು?

ಕರ್ನಾಟಕ ಕೈತೊಳೆದುಕೊಳ್ಳೋ ಹಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಮುಟ್ಟಬೇಕಾಯ್ತು. ಅವತ್ತೇ ಗೊತ್ತಾಯ್ತು, ಕೊನೆಗೆ ನಮಗೆ ಉಳಿಯೋದು ನಮ್ಮೂರ ಆಸ್ಪತ್ರೆಯ ಗೇಟೇ. ಅಲ್ಲಿ ನಮ್ಮ ಮಾತು ನಡೀಬೇಕು.

ಕೋವಿಡ್ ಮುಗೀತಲ್ಲ ಅನ್ನಬೇಡಿ. ಕೋಯಿಕ್ಕೋಡಿನಲ್ಲಿ 2018ರಲ್ಲಿ ಬಂದ ನಿಪಾ 2023ರಲ್ಲಿ ಮತ್ತೆ ಬಂತು. ಗೇಟಿನ ಪ್ರಶ್ನೆಗಳೂ ಮತ್ತೆ ಬರ್ತವೆ.

ನಮ್ಮ ಬೇಡಿಕೆ ಮೂರೇ:
1. ಗಡಿ ತಾಲೂಕುಗಳ ಪ್ರತಿ ಸರ್ಕಾರಿ ಆಸ್ಪತ್ರೆ ಬಾಗಿಲಲ್ಲಿ ತಪಾಸಣೆಯ ಪ್ರಶ್ನೆಗಳ ಕನ್ನಡ ಬೋರ್ಡು.
2. ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರು. ಊರಿನ ಆಶಾ ಕಾರ್ಯಕರ್ತೆಯರಲ್ಲೇ ಸಿಗ್ತಾರೆ.
3. ಸಹಿ ಹಾಕಿಸಿಕೊಳ್ಳೋ ಪ್ರತಿ ಫಾರಂ ಕನ್ನಡದಲ್ಲೂ ಇರಲಿ.

ಇದು ಭಿಕ್ಷೆ ಅಲ್ಲ. ಅಲ್ಪಸಂಖ್ಯಾತ ಭಾಷಿಕರು ಶೇ. 15 ಇರೋ ಕಡೆ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲೂ ಬರಬೇಕು ಅನ್ನೋದು ದೇಶ ಒಪ್ಪಿದ ನೀತಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡದ ಹೆಸರೇ ಇದೆ. ಸಂವಿಧಾನದ 350ನೇ ವಿಧಿ ಪ್ರಕಾರ ನಿಮ್ಮ ಅಹವಾಲನ್ನ ಕನ್ನಡದಲ್ಲೇ ಕೊಡಬಹುದು.

ಗೇಟಲ್ಲಿ ನಿಂತ ನರ್ಸಮ್ಮನ ಜೊತೆ ಜಗಳ ಬೇಡ. ಅವರ ಕೆಲಸ ಸುಲಭ ಆಗಲಿ ಅಂತಲೇ ಈ ಮಾತು. ಈ ವಾರ ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ, ಬೋರ್ಡುಗಳನ್ನ ನೋಡಿ. ಕನ್ನಡ ಇಲ್ಲದಿದ್ದರೆ ಕನ್ನಡದಲ್ಲೇ ಅರ್ಜಿ ಬರೆದು ಕೊಡಿ, ಸ್ವೀಕೃತಿ ಕೇಳಿ ಪಡೀರಿ. ಹತ್ತು ಊರಿಂದ ಹತ್ತು ಅರ್ಜಿ ಹೋದರೆ ಕಡತ ಅಲುಗಾಡುತ್ತೆ.

#ಗಡಿನಾಡ_ಕನ್ನಡ #ಆಸ್ಪತ್ರೆಯಲ್ಲಿ_ಕನ್ನಡ